ಹಿಂದಿನವರು ಮತ್ತು ಹಿಂದೆ ಬರುವವರು

ಕನ್ನಡದಲ್ಲಿ 'ಹಿಂದಿನವರು' ಎಂಬ ಮಾತಿಗೆ ಎರಡು ಅರ್ಥ. ನಮಗಿಂತ ಮೊದಲು ಬದುಕಿ ಹೋದವರೂ ಹಿಂದಿನವರೇ, ರಸ್ತೆಯಲ್ಲಿ ನಮ್ಮ ಬೆನ್ನಿಗೇ ಬರುತ್ತಿರುವವರೂ ಹಿಂದಿನವರೇ. ದಿನನಿತ್ಯದ ಮಾತಿನಲ್ಲಿ ಇದರಿಂದ ಯಾರಿಗೂ ಗೊಂದಲವಾಗುವುದಿಲ್ಲ. ಆದರೆ ಒಂದು ಹಳೆಯ ಕಾರಿಗೆ ಇನ್ನೊಂದು ಬ್ರೇಕ್ ಲೈಟ್ ಹಾಕಿಸಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದಾಗ ಈ ಎರಡು ಅರ್ಥಗಳು ಎದುರುಬದುರಾಗಿ ನಿಂತವು. ಆರುನೂರೈವತ್ತು ರೂಪಾಯಿಯ ಒಂದು ದೀಪಕ್ಕೆ ಇಷ್ಟು ಯೋಚನೆ ಬೇಕೇ ಎಂದು ನೀವು ಕೇಳಬಹುದು. ದೀಪ ಚಿಕ್ಕದು, ನಿಜ. ಅದರ ಹಿಂದಿರುವ ಪ್ರಶ್ನೆ ಅಷ್ಟು ಚಿಕ್ಕದಲ್ಲ ಎಂದು ನನಗೆ ಅನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕಾರು 1978ರ ಪ್ರೀಮಿಯರ್ ಪದ್ಮಿನಿ. ನನ್ನ ಮಾವನವರದ್ದು. ಕುಂದಾಪುರದ ಕಡೆಯಿಂದ ಹದಿನೇಳನೆಯ ವಯಸ್ಸಿಗೆ ಮುಂಬಯಿಗೆ ಬಂದು, ಮಾಟುಂಗದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಗಲ್ಲಾ ಪೆಟ್ಟಿಗೆಯವರೆಗೆ ಬಂದವರು. ಅವರು ಕೊಂಡ ಮೊದಲ ಮತ್ತು ಕೊನೆಯ ಕಾರು ಅದು. ಅವರು ತೀರಿಕೊಂಡ ಮೇಲೆ ಪುಣೆಯ ನಮ್ಮ ಮನೆಗೆ ಬಂತು. ಇಟಲಿಯ ಫಿಯಟ್ 1100 ಅನ್ನು ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಇಲ್ಲೇ ತಯಾರಿಸಿ, ಎಪ್ಪತ್ತರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟಿತು. ಮುಂಬಯಿಯ ಕಾಲೀ-ಪೀಲೀ ಟ್ಯಾಕ್ಸಿ ಎಂದರೆ ಅದೇ. 2023ರ ಅಕ್ಟೋಬರ್ ಕೊನೆಗೆ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯೂ ಮುಂಬಯಿಯ ರಸ್ತೆಯಿಂದ ಇಳಿಯಿತು. ನಮ್ಮದು ಖಾಸಗಿ ಕಾರಾದ್ದರಿಂದ ಇನ್ನೂ ಉಳಿದಿದೆ. ಭಾನುವಾರ ಬೆಳಿಗ್ಗೆ, ಹಬ್ಬ ಹರಿದಿನ, ವರ್ಷಕ್ಕೊಮ್ಮೆ ಮುಂಬಯಿಯ ನೆಂಟರ ಮನೆ, ಇಷ್ಟು ಅದರ ಓಡಾಟ.

ಆ ಕಾಲದ ಕಾರುಗಳಂತೆ ಇದಕ್ಕೂ ಹಿಂದೆ ಎರಡು ಮೂಲೆಗಳಲ್ಲಿ ಪುಟ್ಟ ಕೆಂಪು ದೀಪಗಳು. ರಾತ್ರಿ ಹೆಡ್‌ಲೈಟ್ ಹಾಕಿದರೆ ಅವು ಮಂದವಾಗಿ ಉರಿಯುತ್ತವೆ. ಬ್ರೇಕ್ ಒತ್ತಿದರೆ ಅದೇ ಜಾಗದಲ್ಲಿ ಸ್ವಲ್ಪ ಜೋರಾಗಿ ಉರಿಯುತ್ತವೆ. ಮಂದ ಯಾವುದು, ಜೋರು ಯಾವುದು ಎಂದು ಹಿಂದೆ ಬರುವವನು ತಾನೇ ಹೋಲಿಸಿ ತಿಳಿಯಬೇಕು. ಮಳೆಗಾಲದ ಸಂಜೆ, ಗಾಜಿನ ಮೇಲೆ ನೀರು, ಎದುರು ಬರುವ ಬಸ್ಸಿನ ಬೆಳಕು, ಇವುಗಳ ನಡುವೆ ಈ ಹೋಲಿಕೆ ಸುಲಭವಲ್ಲ. ನಾನಾ ಪೇಠಿನಲ್ಲಿ ಬಿಡಿಭಾಗ ಕೊಳ್ಳಲು ಹೋದಾಗ ಮೆಕ್ಯಾನಿಕ್ ತಾನಾಗಿಯೇ ಹೇಳಿದ: ಹಿಂಬದಿಯ ಗಾಜಿನ ಒಳಗೆ, ನಡುವೆ, ಒಂದು ಎಲ್‌ಇಡಿ ಪಟ್ಟಿ ಕೂರಿಸೋಣ, ಬ್ರೇಕ್ ಒತ್ತಿದಾಗ ಮಾತ್ರ ಉರಿಯುತ್ತದೆ.

ಮನೆಗೆ ಬಂದು ಹೇಳಿದರೆ ಹೆಂಡತಿ, "ಅಪ್ಪ ಇದ್ದಿದ್ರೆ ಒಪ್ತಿರ್ಲಿಲ್ಲ" ಎಂದಳು. ಅದು ಹೌದು. ಕಾರಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಲೂ ಬಿಡದವರು ಅವರು.

ನಡುವಿನ ಆ ಮೂರನೆಯ ದೀಪ ಹೊಸ ಕಾರುಗಳಲ್ಲಿ ಹೇಗೆ ಬಂತು ಎಂಬುದಕ್ಕೆ ಒಂದು ಒಳ್ಳೆಯ ಕಥೆಯಿದೆ, ಮತ್ತು ಅದು ಟ್ಯಾಕ್ಸಿಗಳ ಕಥೆಯೇ. 1974ರಲ್ಲಿ ಜಾನ್ ವೊಯೆವೊಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೊದ 343 ಟ್ಯಾಕ್ಸಿಗಳಿಗೆ ಹಿಂಬದಿ ಗಾಜಿನ ಬುಡದಲ್ಲಿ, ನಡುವೆ, ಒಂದು ಬ್ರೇಕ್ ಲೈಟ್ ಕೂರಿಸಿದ. ಇನ್ನು 160 ಟ್ಯಾಕ್ಸಿಗಳನ್ನು ಇದ್ದ ಹಾಗೇ ಬಿಟ್ಟ. ಹತ್ತು ತಿಂಗಳು ಕಳೆದು ನೋಡಿದರೆ, ಮೂರನೆಯ ದೀಪವಿದ್ದ ಟ್ಯಾಕ್ಸಿಗಳಿಗೆ ಹಿಂದಿನಿಂದ ಗುದ್ದಿದ ಪ್ರಕರಣಗಳು ಶೇಕಡಾ 60ರಷ್ಟು ಕಡಿಮೆ. ಗುದ್ದಿಸಿಕೊಂಡ ಟ್ಯಾಕ್ಸಿಗಳ ಚಾಲಕರಿಗೆ ಆದ ಗಾಯಗಳೂ ಕಡಿಮೆ, ರಿಪೇರಿಯ ಖರ್ಚೂ ಕಡಿಮೆ. ಅಮೆರಿಕದ ಸರ್ಕಾರ ಇನ್ನಷ್ಟು ವಾಹನಗಳ ಮೇಲೆ ಪರೀಕ್ಷೆ ನಡೆಸಿ, 1986ರ ಮಾದರಿಯ ಕಾರುಗಳಿಂದ ಈ ದೀಪವನ್ನು ಕಡ್ಡಾಯ ಮಾಡಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಸರ್ಕಾರದ ಹೆದ್ದಾರಿ ಸುರಕ್ಷತಾ ಇಲಾಖೆ 1998ರಲ್ಲಿ ಮತ್ತೆ ಲೆಕ್ಕ ಹಾಕಿತು. ಈ ಸಲ ಸಿಕ್ಕಿದ್ದು ಶೇಕಡಾ 60 ಅಲ್ಲ, 4.3. ದೀಪ ಹೊಸದಾಗಿದ್ದಾಗ ಎಲ್ಲರ ಕಣ್ಣು ಸೆಳೆಯುತ್ತಿತ್ತು. ಎಲ್ಲ ಕಾರುಗಳಲ್ಲೂ ಬಂದ ಮೇಲೆ ಕಣ್ಣಿಗೆ ಅಭ್ಯಾಸವಾಯಿತು. ಹಾಗೆಂದು 4.3 ಸಣ್ಣದೇನೂ ಅಲ್ಲ. ಎಲ್ಲ ಕಾರು ಮತ್ತು ಸಣ್ಣ ಟ್ರಕ್ಕುಗಳಲ್ಲಿ ಈ ದೀಪವಿದ್ದರೆ ವರ್ಷಕ್ಕೆ ಸುಮಾರು 2 ಲಕ್ಷ ಅಪಘಾತಗಳು ತಪ್ಪುತ್ತವೆ ಎಂದು ಅದೇ ವರದಿ ಅಂದಾಜು ಮಾಡಿತು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನಾನು ಬಹಳ ಹೊತ್ತು ಕೂತಿದ್ದೇನೆ. ಮೊದಲ ನೋಟಕ್ಕೆ ಅದು ನಿರಾಶೆಯ ಕಥೆ. ಆದರೆ ಹಳೆಯ ಕಾರು ಇಟ್ಟುಕೊಂಡವರ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಕಣ್ಣಿಗೆ ಅಭ್ಯಾಸವಾಯಿತು ಎಂದರೆ ಏನು? ಹಿಂದೆ ಬರುವವನ ಕಣ್ಣು ಈಗ ಆ ನಡುವಿನ ದೀಪವನ್ನೇ ಹುಡುಕುತ್ತದೆ ಎಂದರ್ಥ. ಅದು ಬ್ರೇಕಿಗೆ ಮಾತ್ರ ಉರಿಯುವ ದೀಪ, ಅದರಲ್ಲಿ ಮಂದ-ಜೋರು ಎಂಬ ಗೊಂದಲವಿಲ್ಲ. ಉರಿದರೆ ನಿಲ್ಲುತ್ತಿದ್ದಾನೆ, ಉರಿಯದಿದ್ದರೆ ಹೋಗುತ್ತಿದ್ದಾನೆ. ಹೀಗೆ ಓದಲು ಕಲಿತ ಕಣ್ಣಿಗೆ ನಡುವೆ ದೀಪವೇ ಇಲ್ಲದ ನಮ್ಮ ಪದ್ಮಿನಿ ಏನು ಹೇಳುತ್ತದೆ? 'ನಾನು ಹೋಗುತ್ತಿದ್ದೇನೆ' ಎಂದು ಹೇಳುತ್ತದೆ, ನಿಲ್ಲುತ್ತಿರುವಾಗಲೂ. 1978ರಲ್ಲಿ ಈ ಎರಡು ದೀಪಗಳು ಸಾಕಾಗಿದ್ದವು, ಏಕೆಂದರೆ ಎಲ್ಲರಿಗೂ ಎರಡೇ ಇದ್ದವು. ಕಾರು ಬದಲಾಗಲಿಲ್ಲ, ರಸ್ತೆಯ ವ್ಯಾಕರಣ ಬದಲಾಯಿತು. ಸುಮ್ಮನೆ ಇದ್ದಲ್ಲೇ ಇದ್ದು ನಾವು ಮೊದಲಿಗಿಂತ ಅಪಾಯಕಾರಿಗಳಾಗಬಹುದು. ಒಬ್ಬ ಮನುಷ್ಯ ಏನನ್ನೂ ಮಾಡದೆ ಹೊಣೆಗಾರನಾಗುವುದು ಹೀಗೆ.

ಇದನ್ನು ಆಫೀಸಿನ ಗೆಳೆಯನ ಮುಂದೆ ಹೇಳಿದೆ. ಅವನು ವಿಮೆಯ ಕೆಲಸದಲ್ಲಿರುವವನು. "ಅಂತರ ಇಟ್ಟುಕೊಳ್ಳುವುದು ಹಿಂದಿನವನ ಕರ್ತವ್ಯ. ಹಿಂದಿನಿಂದ ಗುದ್ದಿದರೆ ಗುದ್ದಿದವನದೇ ತಪ್ಪು. ನಿನಗೇಕೆ ತಲೆಬಿಸಿ?" ಎಂದ. ಸಾಮಾನ್ಯವಾಗಿ ಕಾನೂನಿನ ಒಲವೂ ಹಾಗೇ ಇರುತ್ತದೆ. ಆದರೆ ತಪ್ಪು ಯಾರದು ಎಂಬ ಪ್ರಶ್ನೆ ಅಪಘಾತ ಆದ ಮೇಲೆ ಬರುವಂಥದ್ದು. ಅಪಘಾತಕ್ಕೆ ಮೊದಲು ಇರುವುದು ಒಂದೇ ಪ್ರಶ್ನೆ, ನನ್ನ ಕೈಲಿ ಏನಾದರೂ ಆಗುತ್ತದೆಯೇ ಎಂಬುದು. ನನ್ನ ಮನೆಯ ಮುಂದಿನ ಮೆಟ್ಟಿಲು ಜಾರುತ್ತದೆ ಎಂದು ನನಗೆ ಗೊತ್ತು, ಬಂದವರು ನೋಡಿಕೊಂಡು ಕಾಲಿಡಬೇಕು, ಸರಿ. ಹಾಗೆಂದು ನಾನು ಒರೆಸದೆ ಬಿಡುವುದಿಲ್ಲ. ತಪ್ಪು ನನ್ನದಲ್ಲದಿದ್ದರೂ ಹೊಣೆ ನನ್ನದಾಗಿರಬಹುದು. ಕೋರ್ಟು ಮೊದಲನೆಯದನ್ನು ಅಳೆಯುತ್ತದೆ. ಎರಡನೆಯದನ್ನು ಅಳೆಯುವವರು ನಾವೇ.

ಜೊತೆಗೆ, ನಮ್ಮ ರಸ್ತೆಗಳಲ್ಲಿ ಹಿಂದಿನಿಂದ ಬರುವವರು ಯಾರು ಎಂಬುದನ್ನೂ ನೋಡಬೇಕು. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇಕಡಾ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಪುಣೆಯಲ್ಲಿ ನೀವು ಯಾವ ಸಿಗ್ನಲ್ಲಿನಲ್ಲಿ ಬೇಕಾದರೂ ನಿಂತು ಕನ್ನಡಿಯಲ್ಲಿ ನೋಡಿ. ಹಿಂದಿರುವುದು ಸ್ಕೂಟರು. ಮುಂದೆ ನಿಂತ ಮಗು, ನಡುವೆ ಅಪ್ಪ, ಹಿಂದೆ ಬ್ಯಾಗು ಹಿಡಿದ ಅಮ್ಮ. ಪದ್ಮಿನಿಯ ಬಂಪರ್ ಗಟ್ಟಿ ಉಕ್ಕಿನದು. ಅದಕ್ಕೆ ಸ್ಕೂಟರು ತಾಗಿದರೆ ಕಾರಿಗೆ ಗೀರು ಬೀಳುತ್ತದೆ, ಒಳಗೆ ಕೂತ ನಮಗೆ ಒಂದು ಸಣ್ಣ ಅಲುಗಾಟ. ಪೆಟ್ಟು ಬೀಳುವುದು ಅವರಿಗೆ. ಅಂದರೆ ನನ್ನ ಕಾರಿನ ಚಂದದ ಬೆಲೆಯನ್ನು ತೆರುವವರು ಅದರ ಚಂದದಲ್ಲಿ ಪಾಲಿಲ್ಲದವರು. ಈ ಲೆಕ್ಕದಲ್ಲಿ ಏನೋ ಸರಿಯಿಲ್ಲ ಎಂದು ಕಾಣಲು ನೀತಿಶಾಸ್ತ್ರ ಓದಬೇಕಿಲ್ಲ.

ಇನ್ನು ಎದುರು ಪಕ್ಷ. ಪುಣೆಯಲ್ಲಿ ಹಳೆಯ ಕಾರುಗಳ ಒಂದು ಬಳಗವಿದೆ. ಅಲ್ಲಿಯ ಹಿರಿಯರೊಬ್ಬರು ದೀಪದ ಮಾತು ಕೇಳಿದೊಡನೆ ತಲೆಯಾಡಿಸಿದರು. ಅವರ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅವರು ಹೇಳಿದ್ದು ಇಷ್ಟು: ಹಳೆಯ ವಸ್ತು ತನ್ನ ಕಾಲಕ್ಕೆ ಸಾಕ್ಷಿ. ಅದರ ಗುಣಗಳಷ್ಟೇ ಅದರ ಕೊರತೆಗಳೂ ಸಾಕ್ಷಿ. ಜನ ಎರಡು ಪುಟ್ಟ ದೀಪಗಳನ್ನು ನಂಬಿ ಘಾಟ್ ಇಳಿಯುತ್ತಿದ್ದರು ಎಂಬುದೂ ಇತಿಹಾಸವೇ. ಪ್ರತಿಯೊಂದು ತಲೆಮಾರು ತನಗೆ ಬೇಕಾದ್ದನ್ನು ಒಂದೊಂದು ಸೇರಿಸುತ್ತ ಹೋದರೆ, ಐವತ್ತು ವರ್ಷದ ನಂತರ ಉಳಿಯುವುದು ಪದ್ಮಿನಿಯ ಆಕಾರದ ಇನ್ನೇನೋ. ಮಾಡುವವರೆಲ್ಲ ಒಳ್ಳೆಯ ಉದ್ದೇಶದಿಂದಲೇ ಮಾಡುತ್ತಾರೆ, ಹಾಳಾಗುವುದೂ ಹಾಗೆಯೇ.

ಇಲ್ಲಿ ಒಂದು ಹಳೆಯ ತತ್ತ್ವಪ್ರಶ್ನೆ ಇಣುಕುತ್ತದೆ. ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಅಥೆನ್ಸಿನವರು ಒಂದೊಂದಾಗಿ ಬದಲಿಸುತ್ತ ಹೋದರು, ಕೊನೆಗೆ ಅದು ಅದೇ ಹಡಗೇ ಎಂದು ಗ್ರೀಕರು ಕೇಳಿದರು. ನಮ್ಮ ಕಡೆ ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ರಥವನ್ನೇ ತೋರಿಸಿ ಕೇಳಿದ: ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ? ಒಂದೂ ಅಲ್ಲ. ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ. ನಮ್ಮ ಕಾರಿನ ಟೈರು, ಬ್ಯಾಟರಿ, ವೈರು, ಸೀಟಿನ ಬಟ್ಟೆ, ಬಣ್ಣ ಎಲ್ಲವೂ ಹಲವು ಸಲ ಬದಲಾಗಿವೆ. ಆದರೂ ಅದು ಮಾವನ ಕಾರೇ. ಹಾಗಾಗಿ ಒಂದು ದೀಪ ಸೇರಿದರೆ ಕಾರು ತನ್ನತನ ಕಳೆದುಕೊಳ್ಳುತ್ತದೆ ಎಂಬ ಭಯ ನನಗಿಲ್ಲ. ಹಿರಿಯರ ವಾದದ ಬಲ ಇರುವುದು ಬೇರೆ ಕಡೆ. ಬದಲಾದ ಟೈರು ಹಳೆಯ ಟೈರಿನ ಜಾಗಕ್ಕೆ ಬಂತು. ಈ ದೀಪಕ್ಕೆ ಹಿಂದೆ ಜಾಗವೇ ಇರಲಿಲ್ಲ. ಅದು ದುರಸ್ತಿಯಲ್ಲ, ಸೇರ್ಪಡೆ.

ಸೇರ್ಪಡೆಯ ಬಗ್ಗೆ ನಮಗಿಂತ ಮೊದಲೇ ತಲೆ ಕೆಡಿಸಿಕೊಂಡವರಿದ್ದಾರೆ. ಹಳೆಯ ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು, ಹೊಸದಾಗಿ ಸೇರಿಸಿದ್ದು ಹೊಸದೆಂದು ಗೊತ್ತಾಗಬೇಕು, ಹಳೆಯದರಂತೆ ನಟಿಸಬಾರದು ಎನ್ನುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಅದೇ ದಾರಿಯಲ್ಲಿ ಟ್ಯೂರಿನ್ ಸನ್ನದು ಎಂದು ಒಂದನ್ನು ಮಾಡಿಕೊಂಡಿದೆ. ಬದಲಾವಣೆ ಅನಿವಾರ್ಯವಾದರೆ ಅದು ಮೂಲ ರಚನೆಗೂ ನೋಟಕ್ಕೂ ಧಕ್ಕೆ ತರಬಾರದು, ಆದಷ್ಟೂ ಹಿಂದಕ್ಕೆ ತೆಗೆಯುವಂತಿರಬೇಕು ಎಂಬುದು ಅದರ ಸಾರ. ನಮ್ಮ ದೇಶದಲ್ಲೂ 2021ರಲ್ಲಿ ನಿಯಮ ಬಂತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ ವಾಹನಕ್ಕೆ ವಿಂಟೇಜ್ ಎಂಬ ನೋಂದಣಿ, ನಂಬರಿನಲ್ಲಿ 'ವಿಎ' ಎಂಬ ಅಕ್ಷರ. ನಮ್ಮ ಪದ್ಮಿನಿಗೆ ಐವತ್ತು ತುಂಬುವುದು 2028ಕ್ಕೆ. ಗಾಜಿನ ಒಳಗೆ ತೂತು ಕೊರೆಯದೆ ಇಟ್ಟ ಒಂದು ದೀಪ ಈ ಯಾವ ಮಾತನ್ನೂ ಮುರಿಯುವುದಿಲ್ಲ ಎಂದು ನನ್ನ ತಿಳಿವಳಿಕೆ.

ಆ ನಿಯಮದಲ್ಲೇ ಇನ್ನೊಂದು ಅಂಶವಿದೆ. ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿ, ಇಷ್ಟಕ್ಕೆ ಮಾತ್ರ ಹೊರಗೆ ತರಬಹುದು. ಇದನ್ನು ಓದುವಾಗ ನನಗೆ ವಚನಕಾರರ ಸ್ಥಾವರ-ಜಂಗಮ ನೆನಪಾಯಿತು. ಅವರು ಅದನ್ನು ಹೇಳಿದ್ದು ಬಹಳ ದೊಡ್ಡ ಅರ್ಥದಲ್ಲಿ, ನಾನು ಸಣ್ಣ ವಿಷಯಕ್ಕೆ ಎರವಲು ಪಡೆಯುತ್ತಿದ್ದೇನೆ. ನಿಂತ ಕಾರು ಸ್ಥಾವರ. ಮ್ಯೂಸಿಯಮ್ಮಿನ ಹಗ್ಗದಾಚೆ ನಿಂತ ಪದ್ಮಿನಿಗೆ ಮೂರನೆಯ ದೀಪ ಹಾಕಿದರೆ ಅದು ಅವಿವೇಕ. ಅಲ್ಲಿ ಹಿರಿಯರ ಮಾತೇ ಸರಿ, ಕೊರತೆಯೂ ಸಾಕ್ಷಿ. ಆದರೆ ಕೀಲಿ ತಿರುಗಿಸಿ ರಸ್ತೆಗೆ ಇಳಿದ ಕ್ಷಣ ಅದು ಜಂಗಮ. ಹಳೆಯ ಹಸ್ತಪ್ರತಿಯೊಂದು ತನ್ನ ಕಾಲದ ಸಾಕ್ಷಿ ನುಡಿದರೆ ಯಾರಿಗೂ ಪೆಟ್ಟಾಗುವುದಿಲ್ಲ. ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತ ಸಾಕ್ಷಿ ನುಡಿಯುವ ವಸ್ತುವಿಗೆ, ಕೇಳುವವರು ಬದುಕಿರಬೇಕು ಎಂಬ ಕಾಳಜಿಯೂ ಇರಬೇಕು.

ಹಾಗಾದರೆ ಎಲ್ಲಿ ನಿಲ್ಲಿಸುವುದು? ದೀಪ ಹಾಕಿದರೆ ನಾಳೆ ಡಿಸ್ಕ್ ಬ್ರೇಕು, ಆಮೇಲೆ ಏರ್‌ಬ್ಯಾಗು, ಕೊನೆಗೆ ಹೊಸ ಕಾರನ್ನೇ ಕೊಳ್ಳಬಾರದೇಕೆ? ಹಿರಿಯರ ಈ ಪ್ರಶ್ನೆ ನ್ಯಾಯವಾದದ್ದು. ನಾನು ಕಂಡುಕೊಂಡ ಅಳತೆಗೋಲು ಇದು: ಯಾವ ಕೊರತೆಯನ್ನು ನನ್ನ ನಡತೆಯಿಂದ ತುಂಬಬಹುದೋ ಅದಕ್ಕಾಗಿ ಕಾರನ್ನು ಬದಲಿಸಬೇಕಿಲ್ಲ. ಪದ್ಮಿನಿಯದು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ನಿಲ್ಲಲು ಹೊತ್ತು ಬೇಕು. ನಾನು ನಿಧಾನ ಹೋಗುತ್ತೇನೆ, ಮುಂದಿನವರಿಂದ ದೂರ ಉಳಿಯುತ್ತೇನೆ, ಮಳೆಯಲ್ಲಿ ಘಾಟಿಗೆ ಹೋಗುವುದಿಲ್ಲ. ಏರ್‌ಬ್ಯಾಗ್ ಇಲ್ಲದಿರುವುದು ನಾನು ಮತ್ತು ಒಳಗೆ ಕೂರುವವರು ತಿಳಿದು ಒಪ್ಪಿಕೊಂಡ ಅಪಾಯ. ಆದರೆ ಹಿಂದೆ ಬರುವವನ ಕಣ್ಣು ನನ್ನ ಕೈಯಲ್ಲಿಲ್ಲ. ನಾನು ಎಷ್ಟೇ ಜಾಗರೂಕನಾಗಿ ಓಡಿಸಿದರೂ ಅವನಿಗೆ ಸುದ್ದಿ ತಲುಪದಿದ್ದರೆ ಪ್ರಯೋಜನವಿಲ್ಲ. ಬ್ರೇಕು ದುರ್ಬಲ ಎಂದು ನಾನು ಬೇಗನೇ ಒತ್ತುತ್ತೇನೆ, ಅವನು ನಿರೀಕ್ಷಿಸದ ಹೊತ್ತಿನಲ್ಲಿ. ಆಗಂತೂ ಸುದ್ದಿ ಇನ್ನೂ ಬೇಗ ಹೋಗಬೇಕು. ಹಳೆಯ ಬಲ್ಬು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು, ಎಲ್‌ಇಡಿ ತಕ್ಷಣ ಬೆಳಗುತ್ತದೆ. ಅರುವತ್ತು ಕಿಲೋಮೀಟರ್ ವೇಗದಲ್ಲಿ ಆ ಅಂತರ ಮೂರು ಮೀಟರಿಗಿಂತ ಹೆಚ್ಚು. ಒಂದು ಸ್ಕೂಟರಿನ ಉದ್ದಕ್ಕಿಂತ ಜಾಸ್ತಿ.

ಇನ್ನೊಂದು ಮಾತು. 'ಮೂಲದಲ್ಲಿ ಇದ್ದದ್ದು' ಎನ್ನುವಾಗ ಯಾವ ಮೂಲ? ಬ್ರೇಕ್ ಲೈಟಿಗೂ ಮೊದಲು ಚಾಲಕನ ಕೈಯೇ ದೀಪವಾಗಿತ್ತು. ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಿದರೆ ನಿಧಾನಿಸುತ್ತಿದ್ದೇನೆ ಎಂದರ್ಥ. ಮಾವನವರು ದೀಪ ಇದ್ದರೂ ಕೈ ತೋರಿಸುತ್ತಿದ್ದರು ಎಂದು ಹೆಂಡತಿ ನೆನಪಿಸಿಕೊಂಡಳು. ಅದು ನನಗೆ ಬಹಳ ಮುಖ್ಯವಾಗಿ ಕಂಡಿತು. ಸ್ಟಿಕ್ಕರ್ ಅಂಟಿಸಲು ಬಿಡದಿದ್ದವರೂ ಅವರೇ, ಎರಡು ದೀಪ ಸಾಲದು ಎಂದು ತಮ್ಮ ಕೈಯನ್ನೇ ಮೂರನೆಯ ದೀಪ ಮಾಡಿಕೊಂಡವರೂ ಅವರೇ. ಹಿರಿಯರು ಬಿಟ್ಟುಹೋದ ವಸ್ತುವನ್ನು ಕಾಪಾಡುವುದು ಒಂದು ನಿಷ್ಠೆ, ಆ ವಸ್ತುವನ್ನು ಅವರು ಯಾವ ಮನಸ್ಸಿನಿಂದ ಬಳಸಿದರೋ ಆ ಮನಸ್ಸನ್ನು ಕಾಪಾಡುವುದು ಇನ್ನೊಂದು. ಎರಡೂ ಕೂಡಿಬರದಿದ್ದಾಗ ನಾನು ಎರಡನೆಯದರ ಕಡೆ ವಾಲುತ್ತೇನೆ.

ಊರು ಬಿಟ್ಟು ಬಂದ ನಮಗೆ ಈ ಸಂದಿಗ್ಧ ಹೊಸದಲ್ಲ. ಮಾವನವರು ಮನೆಯಲ್ಲಿ ಕುಂದಾಪುರದ ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಗಲ್ಲಾದಲ್ಲಿ ಮರಾಠಿ, ಹಿಂದಿ, ಗುಜರಾತಿ ಮೂರೂ ಸರಾಗ. ಗಿರಾಕಿಗೆ ಅರ್ಥವಾಗುವ ಮಾತಿನಲ್ಲಿ ಲೆಕ್ಕ ಹೇಳಿದರೆ ಅವರ ಕನ್ನಡ ಸವೆಯಲಿಲ್ಲ. ನಮ್ಮ ಮಾತು ನಮ್ಮದು. ಆದರೆ 'ನಿಲ್ಲುತ್ತಿದ್ದೇನೆ, ಜೋಪಾನ' ಎಂದು ಹೇಳುವಾಗ ಕೇಳುವವನ ಭಾಷೆಯಲ್ಲಿ ಹೇಳುವುದೇ ಮರ್ಯಾದೆ.

ದೀಪ ಹಾಕುವುದಕ್ಕೂ ಒಂದು ಮಿತಿ ಇದೆ. ಅಂಗಡಿಯವನು ಮಿಣುಕುವ ದೀಪ ತೋರಿಸಿದ, ಓಡಾಡುವ ಬೆಳಕಿನ ಪಟ್ಟಿ ತೋರಿಸಿದ. ಕಣ್ಣಿಗೆ ಚುಚ್ಚುವ ದೀಪ ಹಿಂದಿನವನಿಗೆ ಸುದ್ದಿ ಹೇಳುವುದಿಲ್ಲ, ಅವನ ಮೇಲೆ ಕಿರುಚುತ್ತದೆ. ಎಲ್ಲರೂ ಕಿರುಚತೊಡಗಿದರೆ ಯಾರ ಮಾತೂ ಕೇಳಿಸುವುದಿಲ್ಲ. ಶೇಕಡಾ 60 ಹೋಗಿ 4.3 ಆದದ್ದರ ಪಾಠವೂ ಅದೇ: ಎಲ್ಲರಿಗಿಂತ ಎದ್ದು ಕಾಣುವ ಪೈಪೋಟಿಗೆ ಕೊನೆಯಿಲ್ಲ, ಎಲ್ಲರಂತೆ ಸ್ಪಷ್ಟವಾಗಿ ಕಾಣುವುದು ಸಾಕು. ಸಾದಾ ಕೆಂಪು, ಬ್ರೇಕಿಗೆ ಮಾತ್ರ ಉರಿಯುವಂಥದ್ದು, ಅದನ್ನೇ ತಂದೆ.

ಮೆಕ್ಯಾನಿಕ್ ಅದನ್ನು ಹಿಂಬದಿ ಗಾಜಿನ ಕೆಳಗಿನ ಹಲಗೆಯ ಮೇಲೆ ಕೂರಿಸಿ, ಡಿಕ್ಕಿಯೊಳಗಿನ ಬ್ರೇಕ್ ಲೈಟಿನ ವೈರಿಗೆ ಒಂದು ಕನೆಕ್ಟರಿನಿಂದ ಜೋಡಿಸಿದ. ಎಲ್ಲೂ ತೂತು ಕೊರೆದಿಲ್ಲ, ಮೂಲ ವೈರು ಕತ್ತರಿಸಿಲ್ಲ. ಬಳಗದ ಹಿರಿಯರು ಇನ್ನೂ ಒಪ್ಪಿಲ್ಲ. ಕಳೆದ ಪ್ರದರ್ಶನದಲ್ಲಿ ಅವರ ಮಾತಿಗೆ ಬೆಲೆ ಕೊಟ್ಟು, ಕಾರನ್ನು ಸಾಲಿನಲ್ಲಿ ನಿಲ್ಲಿಸಿದ ಮೇಲೆ ದೀಪ ತೆಗೆದಿಟ್ಟೆ, ಸಂಜೆ ಮೈದಾನದಿಂದ ಹೊರಡುವ ಮೊದಲು ಮತ್ತೆ ಹಾಕಿದೆ. ಹತ್ತು ನಿಮಿಷದ ಕೆಲಸ. ಅವರು ನಿಂತು ನೋಡಿದರು, ಏನೂ ಹೇಳಲಿಲ್ಲ.

ಗ್ಲವ್ ಬಾಕ್ಸಿನಲ್ಲಿ ಮಾವನವರು ಇಟ್ಟಿದ್ದ ಸರ್ವಿಸ್ ಪುಸ್ತಕವಿದೆ. ಅದರೊಳಗೆ ಒಂದು ಚೀಟಿ ಸೇರಿಸಿದ್ದೇನೆ: ದೀಪ ಯಾವಾಗ ಹಾಕಿದ್ದು, ವೈರು ಎಲ್ಲಿಂದ ಬಂದಿದೆ, ಹೇಗೆ ತೆಗೆಯಬೇಕು. ನನ್ನ ನಂತರ ಈ ಕಾರು ಯಾರ ಕೈ ಸೇರುತ್ತದೋ, ಆಗ ರಸ್ತೆಗಳು ಹೇಗಿರುತ್ತವೋ, ಅವರು ನೋಡಿ ತೀರ್ಮಾನಿಸಲಿ.